ಬೆಳಕು ನಿಂತರೆ ಒಳಗೆ ಬನ್ನಿ

ಮಣಿಪಾಲದ ಆ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕಲು ನಾಲ್ಕು ಮಂದಿ ಇದ್ದರು. ನಾಲ್ವರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅವರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಹೋಟೆಲಿನವರು ಪತ್ರಿಕೆಯವರನ್ನು ಕರೆಸಿ ಫೋಟೋ ತೆಗೆಸಿದ್ದರು. ಬೆಂಕಿಯ ಅಲಾರಂ ಹೊಡೆದರೆ ಇವರಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅದನ್ನು ಮೊದಲು ಕೇಳಿದವನು ಮೌರಿಸ್ ರೊಸಾರಿಯೊ.

ಮೌರಿಸ್ ಕಾಪುವಿನವನು. ಹತ್ತೊಂಬತ್ತು ವರ್ಷ ದೋಹಾದಲ್ಲಿ ಫೈರ್ ಅಲಾರಂ ಕೂರಿಸುವ, ರಿಪೇರಿ ಮಾಡುವ ಕೆಲಸ ಮಾಡಿ ಊರಿಗೆ ಬಂದವನು. ಈಗ ಉಡುಪಿ, ಮಣಿಪಾಲ, ಕಾರ್ಕಳದ ಕಡೆ ಹದಿನೈದಿಪ್ಪತ್ತು ಕಟ್ಟಡಗಳ ಅಲಾರಂ ಅವನ ಕೈಯಲ್ಲಿತ್ತು. ಕೆಲಸದಲ್ಲಿ ಅವನು ಜಿಗುಟು. ಪ್ರತಿ ಡಿಟೆಕ್ಟರಿಗೂ ಏಣಿ ಹತ್ತಿ ಹೊಗೆ ತೋರಿಸಿ ಪರೀಕ್ಷೆ ಮಾಡದೆ ಪುಸ್ತಕಕ್ಕೆ ಸಹಿ ಹಾಕಿದವನಲ್ಲ. ಹೋಟೆಲಿನ ಮ್ಯಾನೇಜರ್ ಸುಕೇಶನನ್ನು ಎರಡು ತಿಂಗಳು ಬೆನ್ನುಹತ್ತಿ, ನೆಲಮಾಳಿಗೆಯಲ್ಲಿ ಐದು ಕಡೆ ಮಿನುಗುವ ದೀಪ ಹಾಕಿಸಿದ್ದ. ಇಸ್ತ್ರಿ ಕೋಣೆಯಲ್ಲಿ ಎರಡು, ಡ್ರೈಯರ್ ಕೋಣೆಯಲ್ಲಿ ಒಂದು, ಶೌಚಾಲಯದ ಒಳಗೆ ಒಂದು, ಹಿಂದಿನ ಬಾಗಿಲ ಹತ್ತಿರ ಒಂದು. ಇವುಗಳ ಜೊತೆಗೇ ಮಿನುಗುವ ಹಾಗೆ ಮೇಲಿನ ಮದುವೆ ಸಭಾಂಗಣದಲ್ಲೂ ಎರಡು.

ಹೂಟರಿಗೂ ದೀಪಕ್ಕೂ ಅವನು ಬೇರೆ ಬೇರೆ ಲೈನು ಎಳೆದಿದ್ದ. ಹೊಗೆ ಕಂಡ ಡಿಟೆಕ್ಟರ್ ರಿಸೆಪ್ಶನ್ನಿನ ಹಿಂದಿದ್ದ ಪ್ಯಾನೆಲಿಗೆ ತಿಳಿಸಿದ ಕೂಡಲೇ ಎರಡೂ ಲೈನಿಗೆ ಕರೆಂಟು ಹೋಗುತ್ತದೆ. ಹೂಟರ್ ಕೂಗುತ್ತದೆ, ದೀಪ ಮಿನುಗುತ್ತದೆ. ಪ್ಯಾನೆಲಿನ ‘ಸೈಲೆನ್ಸ್’ ಗುಂಡಿ ಒತ್ತಿದರೆ ಹೂಟರ್ ಮಾತ್ರ ನಿಲ್ಲಬೇಕು. ಆ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲವಲ್ಲ, ಅದಕ್ಕಾಗಿ. ದೀಪ ಮಿನುಗುತ್ತಲೇ ಇರಬೇಕು. ಯಾರಾದರೂ ಹೋಗಿ ಕಣ್ಣಾರೆ ನೋಡಿ, ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ‘ರಿಸೆಟ್’ ಒತ್ತಿದ ಮೇಲೆಯೇ ಅದು ಆರಬೇಕು. ಹೊಗೆ ಇನ್ನೂ ಇದ್ದರೆ ರಿಸೆಟ್ ಮಾಡಿದರೂ ಪುನಃ ಹತ್ತಿಕೊಳ್ಳುತ್ತದೆ. ಹಾಗಾಗಿ ಆ ದೀಪ ಸುಳ್ಳು ಹೇಳುವುದಿಲ್ಲ ಎಂದು ಮೌರಿಸ್ ನಂಬಿದ್ದ.

ಆ ನಾಲ್ವರಿಗೆ ಪಾಠ ಮಾಡಿದವನೂ ಅವನೇ. ಸನ್ನೆಯ ಭಾಷೆ ಅವನಿಗೆ ಬರುತ್ತಿರಲಿಲ್ಲ. ನಾಲ್ವರಲ್ಲಿ ಯಶ್ಮಿತಾ ಎಂಬ ಹಿರಿಯಡ್ಕದ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಕನ್ನಡ ಚೆನ್ನಾಗಿ ಓದುತ್ತಿದ್ದಳು. ಮೌರಿಸ್ ತನ್ನ ಫೋನಿನಲ್ಲಿ ಬರೆದು ತೋರಿಸುವುದು, ಅವಳು ಕೈಯಲ್ಲಿ ಅದನ್ನು ಉಳಿದ ಮೂವರಿಗೆ ಹೇಳುವುದು. ಎಷ್ಟು ಚುರುಕಾದ ಕೈ ಅದು! ಅವಳು ಏನೋ ತಮಾಷೆ ಸೇರಿಸಿ ಹೇಳಿದಳೆಂದು ಕಾಣುತ್ತದೆ. ಅವಳ ಜೊತೆಯ ರಾಯ್‌ಸ್ಟನ್ ಮೌರಿಸನ ಮುಖ ನೋಡಿ ಬಿದ್ದು ಬಿದ್ದು ನಕ್ಕಿದ್ದ.

ಅವತ್ತು ಮೌರಿಸ್ ಬರೆದದ್ದು ಇಷ್ಟು: “ಬೆಳಕು ಮಿನುಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ. ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿ. ಬಾಗಿಲಿನ ಗಾಜಿನಲ್ಲಿ ನೋಡುತ್ತಾ ಇರಿ. ಬೆಳಕು ನಿಂತರೆ ಒಳಗೆ ಬನ್ನಿ.”

ಯಶ್ಮಿತಾ ಅದನ್ನು ತನ್ನ ಫೋನಿಗೂ ಕಳಿಸಿಕೊಂಡಳು. ಮೌರಿಸ್ ಮೂರು ಸಲ ಅಭ್ಯಾಸ ಮಾಡಿಸಿದ. ಮೂರನೆಯ ಸಲ ನಾಲ್ವರೂ ನಲವತ್ತು ಸೆಕೆಂಡಿನೊಳಗೆ ಹೊರಗಿದ್ದರು.

ಕಿರಿಕಿರಿ ಶುರುವಾದದ್ದು ಮದುವೆಗಳ ಕಾಲದಲ್ಲಿ. ವಧೂವರರು ವೇದಿಕೆಗೆ ಬರುವಾಗ ಮೆಷಿನಿನಿಂದ ಬಿಳಿ ಹೊಗೆ ಬಿಡುವ ಫ್ಯಾಷನ್ ಬಂದಿತ್ತಲ್ಲ, ಅದು ಸಭಾಂಗಣದ ಡಿಟೆಕ್ಟರಿಗೆ ತಾಗಿ ಅಲಾರಂ ಹೊಡೆಯುತ್ತಿತ್ತು. ರಿಸೆಪ್ಶನ್ನಿನವರು ಸೈಲೆನ್ಸ್ ಒತ್ತುತ್ತಿದ್ದರು. ಹೂಟರ್ ನಿಲ್ಲುತ್ತಿತ್ತು. ದೀಪಗಳು ಮಾತ್ರ ಬಿಳಿ ಹೊಗೆ ಪೂರ್ತಿ ಹೋಗುವವರೆಗೆ ಮಿನುಗುತ್ತಲೇ ಇರುತ್ತಿದ್ದವು. ಏಪ್ರಿಲಿನ ಕೊನೆಗೆ ಮೌರಿಸ್ ಸರ್ವೀಸಿಗೆ ಹೋದಾಗ ಸುಕೇಶ್ ಅವನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಿದ.

“ಮೌರಿಸಣ್ಣ, ಆ ಲೈಟಿಂದ ನನ್ನ ಮರ್ಯಾದೆ ಹೋಗ್ತಾ ಉಂಟು. ಮದುವೆ ವಿಡಿಯೋ ಪೂರಾ ಹಾಳು. ನಿನ್ನೆಯ ಪಾರ್ಟಿಯವರು ಬೈದದ್ದು ಕೇಳಬೇಕಿತ್ತು ನೀವು. ಸೈಲೆನ್ಸ್ ಒತ್ತಿದ್ರೆ ಎರಡೂ ನಿಲ್ಲುವ ಹಾಗೆ ಮಾಡಿ.”

“ಅದು ಹಾಗೆ ಮಾಡ್ಲಿಕ್ಕೆ ಆಗುದಿಲ್ಲ. ಕೆಳಗೆ ಆ ನಾಲ್ಕು ಮಂದಿ ಇದ್ದಾರಲ್ಲ.”

“ಸೆಟ್ಟಿಂಗ್ ಉಂಟೋ ಇಲ್ವೋ ಪ್ಯಾನೆಲಿನಲ್ಲಿ?”

“ಸೆಟ್ಟಿಂಗ್ ಉಂಟು.”

“ಮತ್ತೆಂತ? ಮಂಗಳೂರಿನಿಂದ ಒಬ್ಬರು ಬಂದು ನೋಡಿ ಹೋದರು. ಎರಡು ನಿಮಿಷದ ಕೆಲಸ ಅಂತ ಹೇಳಿದ್ರು. ಸರ್ವೀಸ್ ಕೂಡ ಅವರೇ ನೋಡಿಕೊಳ್ತಾರಂತೆ. ನಾನೇ ಬೇಡ ಅಂದೆ. ಮೌರಿಸಣ್ಣ ನಮ್ಮವರು, ಅವರ ಹತ್ರವೇ ಮಾಡಿಸುವ ಅಂತ.”

ಸುಕೇಶನ ಸ್ವರದಲ್ಲಿ ಬೆದರಿಕೆಯೇನೂ ಇರಲಿಲ್ಲ. ಹುಡುಗನೊಬ್ಬನನ್ನು ಕರೆದು ಮೌರಿಸನಿಗೆ ಬೊಂಡದ ಎಳನೀರು ತರಿಸಿದ. ಮೌರಿಸ್ ಕುಡಿದ. ಕಾಪು ಮಣಿಪಾಲದ ನಡುವೆ ಅವನ ಹೆಸರಿಗೆ ತೂಕ ತಂದುಕೊಟ್ಟದ್ದು ಈ ಹೋಟೆಲೇ. ಇದು ಕೈತಪ್ಪಿತು ಎಂದಾದರೆ ನಾಳೆ ಬೇರೆಯವರೂ ಯಾಕೆಂದು ಕೇಳುತ್ತಾರೆ. ಅವನು ಪ್ಯಾನೆಲಿನ ಮುಂದೆ ನಿಂತು ಪಾಸ್‌ವರ್ಡ್ ಒತ್ತಿದ. ದೀಪದ ಲೈನಿಗೆ ‘ಸೈಲೆನ್ಸ್: ಇಲ್ಲ’ ಎಂದಿದ್ದದ್ದನ್ನು ‘ಹೌದು’ ಎಂದು ಮಾಡಿದ. ಎರಡು ನಿಮಿಷ ಕೂಡ ಹಿಡಿಯಲಿಲ್ಲ.

ಕೆಳಗೆ ಹೋಗಿ ಆ ನಾಲ್ವರಿಗೆ ಹೇಳಬೇಕು ಎಂದುಕೊಂಡೇ ಮೆಟ್ಟಿಲಿಳಿದಿದ್ದ. ಅವರು ಊಟಕ್ಕೆ ಹೋಗಿದ್ದರು. ಅಷ್ಟು ಹೊತ್ತಿಗೆ ಕಾರ್ಕಳದ ಗೇರುಬೀಜದ ಕಾರ್ಖಾನೆಯಿಂದ ಫೋನ್ ಬಂತು. ಅಲ್ಲಿಯ ಹೂಟರ್ ನಿಲ್ಲುತ್ತಿಲ್ಲವಂತೆ, ಕೆಲಸದವರೆಲ್ಲ ಹೊರಗೆ ನಿಂತಿದ್ದಾರಂತೆ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದು ಬೈಕು ಹತ್ತಿದ.

ಮುಂದಿನ ಸಲ ಬಂದಾಗ ಅವನು ಬ್ಯಾಟರಿ ಬದಲಿಸಿದ, ಡಿಟೆಕ್ಟರ್ ಒರೆಸಿದ, ಪುಸ್ತಕಕ್ಕೆ ಸಹಿ ಹಾಕಿದ. ಯಶ್ಮಿತಾ ಅವನನ್ನು ಕಂಡು ಕೈಯೆತ್ತಿ ನಕ್ಕಳು. ಅವನೂ ಕೈಯೆತ್ತಿದ. ಹೇಳಬೇಕಾದದ್ದು ಅವನ ನೆನಪಿಗೇ ಬರಲಿಲ್ಲ.

ಮೇ ಹದಿನೇಳರಂದು ಹೋಟೆಲಿನಲ್ಲಿ ದೊಡ್ಡ ಮದುವೆ. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ನೆಲಮಾಳಿಗೆಯ ಡ್ರೈಯರಿನಲ್ಲಿ ಬೆಂಕಿ ಹತ್ತಿತು. ಒಣಗುವ ಟವೆಲುಗಳಿಂದ ಉದುರಿದ ಹತ್ತಿಯ ನಾರು ಅದರ ಕೊಳವೆಯಲ್ಲಿ ತಿಂಗಳುಗಟ್ಟಲೆ ಸೇರಿತ್ತು, ತೆಗೆಸಿದವರಿಲ್ಲ. ಅಲಾರಂ ಹೊಡೆಯಿತು. ನಾಲ್ವರೂ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದರು. ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಬಂದು ಟ್ಯಾಂಕಿನ ಹತ್ತಿರ ನಿಂತು ಗಾಜಿನತ್ತ ನೋಡುತ್ತಿದ್ದರು. ಮೇಲೆ ಅದೇ ಹೊತ್ತಿಗೆ ವಧು ವೇದಿಕೆಗೆ ಬರುತ್ತಿದ್ದಳು, ಬಿಳಿ ಹೊಗೆ ಬಿಟ್ಟಿದ್ದರು. ಪುನಃ ಅದೇ ರಗಳೆ ಎಂದುಕೊಂಡ ರಿಸೆಪ್ಶನ್ನಿನವಳು, ಯಾವ ಕೋಣೆಯಿಂದ ಅಲಾರಂ ಬಂದಿದೆ ಎಂದು ಪ್ಯಾನೆಲಿನ ಪರದೆಯಲ್ಲಿ ಓದದೆಯೇ ಸೈಲೆನ್ಸ್ ಒತ್ತಿದಳು.

ಹೂಟರ್ ನಿಂತಿತು. ದೀಪವೂ ನಿಂತಿತು.

ಯಶ್ಮಿತಾ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಬಟ್ಟೆಯ ಮೇಲೆ ಹಾಗೆಯೇ ಬಿಟ್ಟು ಬಂದಿದ್ದಳು. ಬಟ್ಟೆ ಸುಟ್ಟರೆ ಎಂಬ ಚಿಂತೆ ಅವಳಿಗೆ. ಬೆಳಕು ನಿಂತ ಕೂಡಲೇ ಎಲ್ಲರಿಗಿಂತ ಮೊದಲು ಒಳಗೆ ಓಡಿದಳು. ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಪಕ್ಕದ ಡ್ರೈಯರ್ ಕೋಣೆಯ ಬಾಗಿಲ ಅಡಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಟವೆಲು ಕರಟುತ್ತಿದೆ, ಮೆಷಿನು ನಿಲ್ಲಿಸಬೇಕು ಎಂದುಕೊಂಡಳು. ಅಪಾಯವಿದ್ದರೆ ಬೆಳಕು ಮಿನುಗುತ್ತಿತ್ತಲ್ಲ. ಕಬ್ಬಿಣದ ಬಾಗಿಲು ಬಿಗಿಯಾಗಿತ್ತು. ಕೈಗೆ ಬಟ್ಟೆ ಸುತ್ತಿ, ಎರಡೂ ಕೈಯಿಂದ ಎಳೆದಳು.

ಅವಳನ್ನು ಹೊರಗೆ ಎಳೆದು ತಂದದ್ದು ರಾಯ್‌ಸ್ಟನ್.

ಕಾರ್ಕಳದ ಆನೆಕೆರೆ ರಸ್ತೆಯ ಒಂದು ಕಟ್ಟಡದಲ್ಲಿ ಏಣಿಯ ಮೇಲಿದ್ದಾಗ ಮೌರಿಸನಿಗೆ ಸುಕೇಶನ ಫೋನ್ ಬಂತು. ಅವನು ಮಣಿಪಾಲ ಮುಟ್ಟುವಾಗ ಬೆಂಕಿ ಆರಿತ್ತು, ಮದುವೆಯವರು ಊಟಕ್ಕೆ ಕೂತಿದ್ದರು. ನೆಲಮಾಳಿಗೆಯ ಹಿಂಬಾಗಿಲಿನ ಪಕ್ಕದಲ್ಲಿ ಒಬ್ಬ ಡ್ರಿಲ್ ಹಿಡಿದು ಹೊಸ ಬೋರ್ಡು ಕೂರಿಸುತ್ತಿದ್ದ. ‘ಮೇಲ್ವಿಚಾರಕರು ಕರೆಯದೆ ಒಳಗೆ ಪ್ರವೇಶಿಸಬಾರದು.’ ಗೋಡೆಯಿಂದ ಉದುರಿದ ಸಿಮೆಂಟಿನ ಹುಡಿಯನ್ನು ಇನ್ನೊಬ್ಬ ಗುಡಿಸುತ್ತಿದ್ದ.

“ಆ ಹುಡುಗಿ?” ಎಂದು ಮೌರಿಸ್ ಕೇಳಿದ.

“ಜೀವಕ್ಕೆ ಏನೂ ತೊಂದರೆ ಇಲ್ಲ ಅಂದ್ರು. ಕೈ ಎರಡೂ ಸುಟ್ಟಿದೆ, ಕುತ್ತಿಗೆ ಸ್ವಲ್ಪ. ಖರ್ಚು ಪೂರಾ ನಮ್ಮದೇ.” ಸುಕೇಶನ ಮುಖ ಬಿಳಿಚಿಕೊಂಡಿತ್ತು. ಅವನು ಮೌರಿಸನ ತೋಳು ಹಿಡಿದು ಬದಿಗೆ ಕರೆದೊಯ್ದ. “ನಾಳೆ ಅಗ್ನಿಶಾಮಕದವರು ತನಿಖೆಗೆ ಬರ್ತಾರೆ. ನೀವು ಹೆಚ್ಚು ಎಂತದೂ ಹೇಳುದು ಬೇಡ. ಅಲಾರಂ ವ್ಯವಸ್ಥೆ ಸರಿ ಇತ್ತು, ಸರಿಯಾಗಿ ಕೆಲಸ ಮಾಡಿದೆ. ಅಷ್ಟು ಬರೆದು ಕೊಡಿ. ಅದು ಸುಳ್ಳಲ್ಲ, ಅಲ್ವಾ?”

ಸುಳ್ಳಲ್ಲ. ಪ್ಯಾನೆಲ್ ಅವನು ಹೇಳಿಕೊಟ್ಟ ಹಾಗೆಯೇ ಕೆಲಸ ಮಾಡಿತ್ತು. ಮರುದಿನ ಬಂದ ಅಧಿಕಾರಿ ಹೂಟರ್ ಬಾರಿಸಿ ನೋಡಿದರು, ದೀಪ ಹೊತ್ತುವುದನ್ನು ನೋಡಿದರು. ಸೈಲೆನ್ಸ್ ಒತ್ತಿ ನೋಡಲಿಲ್ಲ. ಮೌರಿಸ್ ಬಾಯಿ ಬಿಡಲಿಲ್ಲ. ಸುಕೇಶ್ ಹೇಳಿದಷ್ಟನ್ನೇ ಬರೆದು ಕಾಗದಕ್ಕೆ ಸಹಿ ಹಾಕಿದ.

ವರದಿಯಲ್ಲಿ ಹೀಗೆ ಬಂತು: ಸಿಬ್ಬಂದಿಯೊಬ್ಬರು ಸೂಚನೆಯನ್ನು ಮೀರಿ, ಎಚ್ಚರಿಕೆಯ ದೀಪ ಮಿನುಗುತ್ತಿರುವಾಗಲೇ ಒಳಗೆ ಪ್ರವೇಶಿಸಿ ಗಾಯಗೊಂಡಿದ್ದಾರೆ.

ಮನೆಯಲ್ಲಿ ಮೌರಿಸ್ ಯಾರಿಗೂ ಏನೂ ಹೇಳಲಿಲ್ಲ. ಅವನ ಹೆಂಡತಿ ಝೀಟಾ ಪತ್ರಿಕೆ ಓದಿ, “ಪಾಪದ ಹುಡುಗಿ. ಅಷ್ಟು ಕಲಿಸಿ ಕೊಟ್ಟರೂ ಯಾಕೆ ಒಳಗೆ ಹೋದಳೋ?” ಎಂದಳು. ಅವನು ತಟ್ಟೆ ಬಿಟ್ಟು ಎದ್ದ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಹೋದವನು ಪರಮಪ್ರಸಾದ ತೆಗೆದುಕೊಳ್ಳದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದ. ಝೀಟಾ ಒಂದು ವಾರ ನೋಡಿದಳು, ಎರಡು ವಾರ ನೋಡಿದಳು. ಮೂರನೆಯ ವಾರ ಇಗರ್ಜಿಯ ಅಂಗಳದಲ್ಲೇ ಅವನನ್ನು ನಿಲ್ಲಿಸಿ ಕೇಳಿದಳು. ಅವನು ಹೇಳಿಬಿಟ್ಟ.

ಝೀಟಾ, “ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ಅವಳ ಹತ್ತಿರ ಹೇಳಿ,” ಎಂದಳು.

ಯಶ್ಮಿತಾ ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಗಿತ್ತು. ಹಿರಿಯಡ್ಕದ ಪೇಟೆಯಿಂದ ಸ್ವಲ್ಪ ಒಳಗೆ ಅವರ ಹಂಚಿನ ಮನೆ. ಅವಳ ತಂದೆ ದೂಮಪ್ಪ ಉಡುಪಿ ಕಾರ್ಕಳ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಮೌರಿಸನನ್ನು ಗುರುತು ಹಿಡಿದು, “ಬನ್ನಿ ಪೊರ್ಬುಲೆ, ಕೂತುಕೊಳ್ಳಿ,” ಎಂದು, ಕ್ರಿಸ್ತುವರನ್ನು ತುಳುವಿನಲ್ಲಿ ಗೌರವದಿಂದ ಕರೆಯುವ ಹಾಗೆ ಕರೆದು ಕುರ್ಚಿ ಎಳೆದರು. “ನಿಮ್ಮ ವಿಷಯ ಇವಳು ಯಾವಾಗಲೂ ಹೇಳುದು. ಲೈಟು ಹಾಕಿಸಿದವರು ನೀವೇ ಅಂತೆ.”

ಯಶ್ಮಿತಾ ಒಳಗಿನಿಂದ ಬಂದಳು. ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿದ್ದವು. ಬೆರಳುಗಳು ಕಾಣುತ್ತಿರಲಿಲ್ಲ. ಹಿಂದೆಯೇ ಅವಳ ತಂಗಿ ಮೋಕ್ಷಾ ಬಂದು ಪಕ್ಕದಲ್ಲಿ ಕೂತಳು. ಯಶ್ಮಿತಾ ಹುಬ್ಬು ಎತ್ತಿದಳು, ತುಟಿ ಆಡಿಸಿದಳು, ಬ್ಯಾಂಡೇಜಿನ ಕೈಯನ್ನು ಎತ್ತಿ ಗಾಳಿಯಲ್ಲಿ ಏನೋ ಮಾಡಲು ಹೋಗಿ ಇಳಿಸಿದಳು. ತಂಗಿಯ ಮುಖ ನೋಡಿದಳು.

“ಅಕ್ಕನಿಗೆ ಈಗ ಮಾತಾಡ್ಲಿಕ್ಕೆ ಆಗುದಿಲ್ಲ ಅಂಕಲ್,” ಎಂದಳು ಮೋಕ್ಷಾ. “ಅರ್ಧರ್ಧ ನನಗೆ ಗೊತ್ತಾಗ್ತದೆ. ಬೆರಳು ಎಷ್ಟು ಮಡಚಲಿಕ್ಕೆ ಬರ್ತದೆ ಅಂತ ಡಾಕ್ಟ್ರು ಈಗ ಹೇಳುದಿಲ್ಲ. ಇವಳು ಕೇಳುದು ಒಂದೇ ಪ್ರಶ್ನೆ. ಬಂದವರ ಹತ್ತಿರ ಎಲ್ಲ ಅದನ್ನೇ ಕೇಳಿಸ್ತಾಳೆ.”

“ಎಂತದು?”

“ಲೈಟು ನಿಂತಿತ್ತಾ ಇಲ್ವಾ ಅಂತ. ನಿಂತದ್ದನ್ನು ತಾನು ನೋಡಿದ್ದೇನೆ ಅಂತ ಇವಳು. ನಿಲ್ಲಲೇ ಇಲ್ಲ, ವರದಿಯಲ್ಲಿ ಕೂಡ ಹಾಗೆ ಉಂಟು ಅಂತ ಹೋಟೆಲಿನವರು. ರಾಯ್‌ಸ್ಟನ್ ನಿಂತಿತ್ತು ಅಂತ ಬರೆದು ಕೊಟ್ಟನಂತೆ, ಯಾರೂ ತೆಗೆದುಕೊಳ್ಳಲಿಲ್ಲ. ಈಗ ಅಕ್ಕ, ತನ್ನ ಕಣ್ಣು ಕೂಡ ಸರಿ ಇಲ್ವಾ ಅಂತ ಕೇಳ್ತಾಳೆ. ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಹಟ ಹಿಡಿದಳು.”

ಮೌರಿಸ್ ಜೇಬಿನಿಂದ ಫೋನು ತೆಗೆದ. ಟೈಪ್ ಮಾಡಲು ಹೊರಟು ಎರಡು ಸಲ ಅಳಿಸಿದ. ಕೊನೆಗೆ ಬರೆದು ಅವಳ ಕಣ್ಣಿನ ಮುಂದೆ ಹಿಡಿದ.

“ಬೆಳಕು ನಿಂತಿತ್ತು. ನೀನು ನೋಡಿದ್ದು ಸರಿ. ಸೈಲೆನ್ಸ್ ಒತ್ತಿದರೆ ಬೆಳಕೂ ನಿಲ್ಲುವ ಹಾಗೆ ಮಾಡಿದವನು ನಾನು. ಮ್ಯಾನೇಜರ್ ಹೇಳಿದ್ದಕ್ಕೆ ಏಪ್ರಿಲ್‌ನಲ್ಲಿ ಮಾಡಿದೆ.”

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಮೋಕ್ಷಾ ಹೆಗಲ ಮೇಲಿಂದ ಬಗ್ಗಿ ಓದಿ ತಂದೆಗೆ ತುಳುವಿನಲ್ಲಿ ಹೇಳಿದಳು. ದೂಮಪ್ಪ ನಿಂತಲ್ಲೇ ಗೋಡೆಗೆ ಒರಗಿದರು. ಯಶ್ಮಿತಾ ಮಾತ್ರ ಮೌರಿಸನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು. ಆಮೇಲೆ ತಂಗಿಯ ಕಡೆ ತಿರುಗಿ, ತುಟಿ ಆಡಿಸಿ, ಬ್ಯಾಂಡೇಜಿನ ಕೈಯಲ್ಲಿ ತನ್ನನ್ನೂ ಬಾಗಿಲ ಆಚೆಯನ್ನೂ ತೋರಿಸಿ ಏನೋ ಕೇಳಿದಳು. ಮೋಕ್ಷಾಳಿಗೆ ಅರ್ಥವಾಗಲು ಮೂರು ಸಲ ಬೇಕಾಯಿತು.

“ಅಂಕಲ್, ‘ಬದಲಾಯಿಸಿದ್ದನ್ನು ನಮಗೆ ನಾಲ್ಕು ಜನರಿಗೆ ಯಾಕೆ ಹೇಳಲಿಲ್ಲ’ ಅಂತ ಕೇಳ್ತಾಳೆ.”

ದಾರಿಯುದ್ದಕ್ಕೂ ಮೌರಿಸ್ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದ. ಯಾಕೆ ಬದಲಾಯಿಸಿದೆ ಎಂದು ಕೇಳುತ್ತಾಳೆ, ಒತ್ತಾಯ ಹೇಗಿತ್ತು ಎಂದು ಹೇಳಬಹುದು ಎಂದೆಲ್ಲ. ಈ ಪ್ರಶ್ನೆಗೆ ಅವನಲ್ಲಿದ್ದ ಉತ್ತರ ಒಂದೇ ಶಬ್ದದ್ದು.

“ಮರೆತೆ,” ಎಂದ.

ಮೋಕ್ಷಾ ಅದನ್ನು ಕೈಯಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಯಶ್ಮಿತಾ ಅವನ ತುಟಿಯನ್ನು ನೋಡಿದ್ದಳು. ಅವಳು ಎದ್ದು, ಮೊಣಕೈಯಿಂದ ಬಾಗಿಲು ದೂಡಿ ಒಳಗೆ ಹೋದಳು.

ಅಂಗಳಕ್ಕೆ ಇಳಿಯುವಾಗ ದೂಮಪ್ಪ ಜೊತೆಗೆ ಬಂದರು. “ಇದನ್ನು ನೀವು ಆ ದಿವಸವೇ ಹೇಳಬೇಕಿತ್ತು ಪೊರ್ಬುಲೆ. ನಾವು ಈಗ ಕೇಸು ಇಲ್ಲ ಅಂತ ಸಹಿ ಹಾಕಿ ಕೊಟ್ಟಾಯಿತು. ತಪ್ಪು ನನ್ನ ಮಗಳದ್ದೇ ಅಂತ ನಾನೂ ನಂಬಿದೆ. ಆಸ್ಪತ್ರೆಯಲ್ಲಿ ಅವಳಿಗೆ ಬೈದೆ. ಕೈ ಸುಟ್ಟವಳಿಗೆ ಬೈದೆ ನಾನು,” ಎಂದರು. ಗೇಟಿನವರೆಗೆ ಬರಲಿಲ್ಲ.

ಮರುದಿನವೇ ಮೌರಿಸ್ ಉಡುಪಿಯ ಅಗ್ನಿಶಾಮಕ ಕಚೇರಿಗೆ ಹೋಗಿ ಹೊಸ ಹೇಳಿಕೆ ಕೊಟ್ಟ. ಅಧಿಕಾರಿ ಕನ್ನಡಕ ತೆಗೆದು ಅವನನ್ನೇ ನೋಡಿದರು. “ಮೊದಲ ಹೇಳಿಕೆಗೂ ನೀವೇ ಸಹಿ ಹಾಕಿದ್ದಲ್ವಾ? ಮ್ಯಾನೇಜರ್ ಹೇಳಿದ್ದಕ್ಕೆ ಕಾಗದ ಉಂಟಾ?”

“ಬಾಯಲ್ಲಿ ಹೇಳಿದ್ದು ಸಾರ್.”

“ಹಾಗಾದರೆ ನಿಮ್ಮ ಸೆಟ್ಟಿಂಗ್, ನಿಮ್ಮ ಪಾಸ್‌ವರ್ಡ್. ಅವರು ಒಪ್ಪಿದರೆ ಮಾತ್ರ ಅವರದ್ದು.”

ಸುಕೇಶ್ ಒಪ್ಪಲಿಲ್ಲ. ಮೌರಿಸನ ಎದುರಿಗೇ, “ಅಷ್ಟು ಟೆಕ್ನಿಕಲ್ ವಿಷಯ ನನಗೆಲ್ಲಿ ಗೊತ್ತು ಸಾರ್? ನಾವು ಇವರನ್ನು ನಂಬಿದ್ದೆವು,” ಎಂದ. ಪ್ಯಾನೆಲಿನ ನೆನಪಿನಿಂದ ಎಲ್ಲ ಹೊರತೆಗೆದರು. ಏಪ್ರಿಲಿನಲ್ಲಿ ಬದಲಾವಣೆಯಾದ ತಾರೀಕು, ಗಂಟೆ, ಬದಲಾಯಿಸಿದವನ ಸಂಖ್ಯೆ, ಎಲ್ಲ ಅದರಲ್ಲಿತ್ತು. ಬದಲಾಯಿಸಲು ಹೇಳಿದವನ ಹೆಸರು ಅದರಲ್ಲಿ ಇರಲು ಸಾಧ್ಯವಿರಲಿಲ್ಲ.

ವರದಿ ತಿದ್ದುಪಡಿಯಾಯಿತು. ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದಿದ್ದಲ್ಲಿ ‘ತಂತ್ರಜ್ಞನ ನಿರ್ಲಕ್ಷ್ಯ’ ಎಂದಾಯಿತು. ಮೌರಿಸನ ಪರವಾನಗಿ ಹೋಯಿತು, ಮೇಲೆ ಕೇಸೂ ಬಿತ್ತು. ಒಂದೊಂದೇ ಕಟ್ಟಡದವರು ಫೋನ್ ಮಾಡಿ ಇನ್ನು ಬರುವುದು ಬೇಡ ಎಂದರು. ಅವನಿಗೆ ಅದರಿಂದ ಆಶ್ಚರ್ಯವಾಗಲಿಲ್ಲ. ತಿದ್ದಿದ ವರದಿಯ ಪ್ರತಿಯನ್ನು ಹಿರಿಯಡ್ಕಕ್ಕೆ ಅಂಚೆಯಲ್ಲಿ ಕಳಿಸಿದ. ತಲುಪಿತೆಂದು ಮೋಕ್ಷಾಳಿಂದ ಎರಡು ಅಕ್ಷರದ ಮೆಸೇಜು ಬಂತು: “ಬಂತು.”

ಅವನು ಎಣಿಸಿರದ ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ತಿದ್ದಿದ ವರದಿ ಕೈಗೆ ಬಂದ ವಾರವೇ ಹೋಟೆಲಿನವರು ಉಳಿದ ಮೂವರನ್ನೂ ಕೆಲಸದಿಂದ ತೆಗೆದಿದ್ದರು. ಕಾಗದದಲ್ಲಿ ಕಾರಣ ಬಹಳ ವಿನಯದಿಂದ ಬರೆದಿತ್ತು: ಕಿವಿ ಕೇಳಿಸದವರ ಸುರಕ್ಷತೆಯನ್ನು ಗಮನದಲ್ಲಿಟ್ಟುಕೊಂಡು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಾಪುವಿನಲ್ಲಿ ಹೆದ್ದಾರಿಯ ಬದಿಯ ಸರ್ವೀಸ್ ಸ್ಟೇಷನ್ನಿನಲ್ಲಿ ಮೌರಿಸ್ ರಾಯ್‌ಸ್ಟನನ್ನು ಕಂಡ. ಮೊಣಕಾಲವರೆಗೆ ಪ್ಯಾಂಟು ಮಡಚಿ ಟೆಂಪೋ ಒಂದಕ್ಕೆ ನೀರು ಹೊಡೆಯುತ್ತಿದ್ದ. ಮೌರಿಸ್ ಹತ್ತಿರ ಹೋಗಿ ಅವನ ಎದುರಿಗೆ ಬರುವ ಹಾಗೆ ನಿಂತ. ಈಚೆಗೆ ಅವನು ಫೋನಿನಲ್ಲಿ ವಿಡಿಯೋ ನೋಡಿ ನಾಲ್ಕೈದು ಸನ್ನೆ ಕಲಿತಿದ್ದ. ಮುಷ್ಟಿ ಕಟ್ಟಿ ಎದೆಯ ಮೇಲೆ ಇಟ್ಟು, ಕ್ಷಮಿಸು ಎಂಬುದನ್ನು ಹೇಳಲು ಶುರುಮಾಡಿದ.

ರಾಯ್‌ಸ್ಟನ್ ಅವನ ಕೈಯನ್ನು ಒಂದು ಕ್ಷಣ ನೋಡಿದ. ಪೈಪನ್ನು ಟೆಂಪೋದ ಚಕ್ರದ ಕಡೆ ತಿರುಗಿಸಿ, ಬೆನ್ನು ಹಾಕಿ ಕೂತ. ಮೌರಿಸನ ಕೈ ಅರ್ಧದಲ್ಲೇ ನಿಂತಿತು. ರಾಯ್‌ಸ್ಟನ್ ನೋಡದೆ ಇದ್ದರೆ ಹೇಳುವುದಕ್ಕೆ ಬೇರೆ ದಾರಿ ಇರಲಿಲ್ಲ. ಎಷ್ಟು ಗಟ್ಟಿಯಾಗಿ ಕರೆದರೂ ಪ್ರಯೋಜನವಿರಲಿಲ್ಲ. ಪ್ಯಾಂಟಿಗೆ ಹಾರಿದ ಕೆಸರು ನೀರನ್ನು ಒರೆಸಿಕೊಳ್ಳದೆಯೇ ಮೌರಿಸ್ ರಸ್ತೆ ದಾಟಿದ.